ಬಂದೂಕಿಗೆ ತೊಡಿಸಿದ ಬಳೆ

ಸುಬೇದಾರರು ಬಂದೂಕನ್ನು ಕೌದಿಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ನನ್ನ ಶೆಡ್ಡಿಗೆ ಬಂದಾಗ ನಾನು ಲೇತಿನ ಮೇಲೆ ಪಂಪಿನ ಶಾಫ್ಟೊಂದನ್ನು ಏರಿಸಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಕಲಘಟಗಿ ಕಡೆ ಥ್ರೀ ಫೇಸ್ ಕರೆಂಟು ದಿನಕ್ಕೆ ನಾಲ್ಕೈದು ತಾಸು ಬಂದರೆ ಹೆಚ್ಚು. ಅದು ಇರುವಷ್ಟು ಹೊತ್ತು ಯಾರು ಬಂದರೂ ನಾನು ತಲೆ ಎತ್ತುತ್ತಿರಲಿಲ್ಲ. ಅವರಿಗೆ ಅದು ಗೊತ್ತಿತ್ತು. ಬಾಗಿಲ ಬಳಿ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಮಧ್ಯಾಹ್ನ ಕರೆಂಟು ಹೋಗಿ ಮಷೀನು ತಾನಾಗಿಯೇ ನಿಲ್ಲುವ ತನಕ ಕಾದರು. ಆಮೇಲೆ ಕೌದಿ ಬಿಚ್ಚಿದರು.

"ಮಿಸ್ತ್ರಿ, ಇದಕ್ಕ ಎರಡು ರಿಂಗ್ ಬೇಕಾಗ್ಯಾವ."

ಬಂದೂಕಿನ ಪಕ್ಕದಲ್ಲಿ ಒಂದು ದುರ್ಬೀನು ಇತ್ತು. ಒಂದಿಂಚು ದಪ್ಪದ ಕರಿ ಕೊಳವೆ, ಮುಂದಿನ ತುದಿ ಗಂಟೆಯ ಬಾಯಿಯ ಹಾಗೆ ಅಗಲ, ಹಿಂದೆ ಕಣ್ಣಿಡುವ ಕಡೆಯೂ ಸ್ವಲ್ಪ ಅಗಲ. ಬಂದೂಕಿನ ಮೇಲೆ ಅದನ್ನು ಕೂರಿಸುವುದಕ್ಕೆ ಎರಡು ಉಕ್ಕಿನ ಪಟ್ಟಿಗಳು ಮೊದಲೇ ಸ್ಕ್ರೂ ಹಾಕಿಕೊಂಡು ಕೂತಿದ್ದವು. ಆ ಪಟ್ಟಿಗೂ ದುರ್ಬೀನಿಗೂ ನಡುವೆ ಇರಬೇಕಾದ ರಿಂಗುಗಳು ಮಾತ್ರ ಎಲ್ಲೋ ಕಳೆದುಹೋಗಿದ್ದವು. ಅವು ಪೇಟೆಯಲ್ಲಿ ಸಿಗುವ ಸಾಮಾನಲ್ಲ. ಹುಬ್ಬಳ್ಳಿಯಲ್ಲಿ ಕೇಳಿ ಬಂದಿದ್ದರಂತೆ. ಬೆಳಗಾವಿಗೆ ಹೋಗು ಅಂದರಂತೆ, ಅಲ್ಲಿ ಮುಂಬೈಗೆ ಬರಿ ಅಂದರಂತೆ.

"ಮುಂಬೈಗೆ ಯಾಕ್ರಿ," ಅಂದೆ ನಾನು. "ನಾ ಇಲ್ಲೇನು?"

ನಾನು ಹಾಗೆ ಮಾತಾಡುತ್ತಿದ್ದವನೇ. ಐದನೆಯ ಇಯತ್ತೆಗೆ ಸಾಲಿ ಬಿಟ್ಟು, ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಒಂಬತ್ತು ವರ್ಷ ಕಬ್ಬಿಣದ ಪುಡಿ ತಿಂದು, ಆಮೇಲೆ ಒಂದು ಹಳೆಯ ಲೇತು ತಂದು ಇಲ್ಲಿ ಹಾಕಿದವನು. ಗಾಡಿಯ ಅಚ್ಚು, ಕುಂಟೆಯ ಕುಡ, ಟ್ರ್ಯಾಕ್ಟರಿನ ಪಿನ್ನು, ಪಂಪಿನ ಬುಷ್ಷು, ಏನೇ ಆಗಲಿ, ನನ್ನ ಶೆಡ್ಡಿನಿಂದ ಒಮ್ಮೆ ಹೊರಗೆ ಹೋದ ಕೆಲಸ ತಿರುಗಿ ಬರುತ್ತಿರಲಿಲ್ಲ. ಬಂದಿರಲಿಲ್ಲ. ಆ ಮಾತನ್ನು ನಾನೂ ಆಡುತ್ತಿದ್ದೆ, ಊರೂ ಆಡುತ್ತಿತ್ತು.

ಸುಬೇದಾರರಿಗೆ ಆಗ ಅರವತ್ತರ ಮೇಲೆ ವಯಸ್ಸು. ಪಲ್ಟನ್ನಿನಿಂದ ಪಿಂಚಣಿ ಮೇಲೆ ಬಂದು ಭತ್ತ, ಹತ್ತಿ ಮಾಡಿಕೊಂಡಿದ್ದರು. ಬೆಳೆ ಕಾಯಲಿಕ್ಕೆ ಲೈಸೆನ್ಸ್ ಇದ್ದ ರೈಫಲ್ ಸುತ್ತಲ ಐದಾರು ಹಳ್ಳಿಗೆ ಅದೊಂದೇ. ಆದರೆ ಅವರ ಕಣ್ಣು ಸೋತಿತ್ತು. ಬಂದೂಕಿನ ಹಿಂದಿನ ಕಚ್ಚು, ಮುಂದಿನ ಮೊನೆ, ಅದರಾಚೆಯ ಗುರಿ, ಮೂರನ್ನೂ ಒಟ್ಟಿಗೆ ನೋಡಲು ದಪ್ಪ ಚಷ್ಮಾ ಬಿಡುತ್ತಿರಲಿಲ್ಲ. ದುರ್ಬೀನಿನಲ್ಲಾದರೆ ಗೆರೆ, ಗುರಿ ಎರಡೂ ಒಂದೇ ಕಡೆ ಕಾಣುತ್ತವೆ.

ಅದು ಅವರಿಗೆ ಬೇಕಾಗಿದ್ದೂ ಶೋಕಿಗಲ್ಲ. ಹಳ್ಳದ ದಂಡೆಯ ಕಬ್ಬಿನ ಹೊಲದಲ್ಲಿ ಒಂದು ಕಾಡುಹಂದಿ ಸೇರಿಕೊಂಡಿತ್ತು. ಯಾರೋ ಹಾಕಿದ್ದ ತಂತಿಯ ಉರುಲು ಹಿಂಗಾಲಿನಲ್ಲಿ ಹಾಗೇ ಉಳಿದು, ಕಾಲು ಕೊಳೆತು, ನೋವಿಗೆ ಹುಚ್ಚೆದ್ದ ಗಂಡುಹಂದಿ. ಕಬ್ಬು ಕಡಿಯಲು ಬಂದ ಗ್ಯಾಂಗಿನ ಒಬ್ಬನ ತೊಡೆಯನ್ನು ಮೊಣಕಾಲಿನಿಂದ ಮೇಲಿನ ತನಕ ಸೀಳಿತ್ತು. ಅವನು ಹುಬ್ಬಳ್ಳಿಯ ದವಾಖಾನೆಯಲ್ಲಿದ್ದ. ಕಾಲು ಉಳಿಯುತ್ತದೋ ಇಲ್ಲವೋ ಅನ್ನುತ್ತಿದ್ದರು. ಗ್ಯಾಂಗಿನವರು ಕುಡುಗೋಲು ಇಟ್ಟು ಕೂತುಬಿಟ್ಟರು. ಆ ಒಂದು ಹಂದಿಯನ್ನು ಹೊಡೆಯಲು ಅರಣ್ಯದವರು ಚೀಟಿ ಬರೆದುಕೊಟ್ಟಿದ್ದರು. ಚೀಟಿ ಸುಬೇದಾರರ ಹೆಸರಿಗೆ.

ನಾನು ಬಂದೂಕನ್ನು ವೈಸಿಗೆ ಹಚ್ಚಿ ನೋಡಿದೆ. ಹಿಂದೆ, ಗುಂಡು ತುಂಬುವ ಜಾಗದಲ್ಲಿ ಖಾಲಿ ತೂತು.

"ಬೋಲ್ಟ್ ಎಲ್ಲೈತ್ರಿ?"

"ಮನ್ಯಾಗ. ದೇವರ ಜಗಲಿ ಮ್ಯಾಲ."

ಬೋಲ್ಟು ಅಂದರೆ ಬಂದೂಕಿನ ಹಿಂಬದಿಯ ಉಕ್ಕಿನ ಅಗುಳಿ. ಅದಕ್ಕೊಂದು ದುಂಡು ತುದಿಯ ಹಿಡಿಕೆ. ಮೇಲೆತ್ತಿ ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿ ಕೆಳಗೆ ಒತ್ತಿದರೆ ಹೊಸದು ಒಳಗೆ ಕೂರುತ್ತದೆ. ಅದಿಲ್ಲದ ಬಂದೂಕು ಬರೀ ಕೊಳವೆ. ಸುಬೇದಾರರದ್ದು ಪಲ್ಟನ್ನಿನಿಂದ ಬಂದ ಒಂದು ಕಟ್ಟಳೆ: ಬಂದೂಕು ಮತ್ತು ಬೋಲ್ಟು ಒಂದೇ ಕೈಯಲ್ಲಿ ಊರೊಳಗೆ ತಿರುಗಬಾರದು. ಬಂದೂಕು ಹೊರಗೆ ಬಂದರೆ ಬೋಲ್ಟು ಮನೆಯಲ್ಲಿ, ಹೆಂಡತಿಯ ವಶದಲ್ಲಿ. ಆಕೆ ಅದಕ್ಕೆ ದಿನಾ ವಿಭೂತಿ ಹಚ್ಚುತ್ತಿದ್ದರಂತೆ.

ನಾನು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು. 'ಬೋಲ್ಟು ಇಲ್ಲದೆ ಅಳತೆ ಹೇಗೆ ತೆಗೀಲಿ' ಅಂದರೆ ನನ್ನ ಕೈಲಿ ಆಗುವುದಿಲ್ಲ ಅಂದ ಹಾಗೆ ಅನ್ನಿಸಿತು.

"ಎಷ್ಟ ಎತ್ತರ ಇಡೂಣ್ರಿ?" ಅಂದೆ.

"ಎಷ್ಟ ತೆಳಗ ಆಗತೈತಿ ಅಷ್ಟ ತೆಳಗ. ಗಲ್ಲ ಕಟಗಿ ಬಿಟ್ಟು ಮ್ಯಾಲೆ ಏಳಬಾರದು ನೋಡು. ಗಲ್ಲ ಎದ್ದರ ಗುರಿ ಹೋತು."

ಅದು ಸರಿಯಾದ ಮಾತೇ. ರಿಂಗು ಎತ್ತರವಾದರೆ ದುರ್ಬೀನು ಎತ್ತರ. ಅದರೊಳಗೆ ನೋಡಲು ಕತ್ತು ಎತ್ತಬೇಕು, ಗಲ್ಲಕ್ಕೆ ಬಂದೂಕಿನ ಹಿಂಬದಿ ಕಟ್ಟಿಗೆಯ ಆಸರೆ ಇಲ್ಲದೆ ತಲೆ ತೂಗಾಡುತ್ತದೆ. ತೀರಾ ಕೆಳಗಾದರೆ ಮುಂದಿನ ಅಗಲ ಬಾಯಿ ನಳಿಗೆಗೆ ತಾಗುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಸರಿಯಾದ ಎತ್ತರ. ನಾನು ದುರ್ಬೀನಿನ ಬಾಯಿ ಅಳೆದೆ, ನಳಿಗೆ ಅಳೆದೆ, ಪಟ್ಟಿ ಅಳೆದೆ. ಬಾಯಿಗೂ ನಳಿಗೆಗೂ ನಡುವೆ ಅರ್ಧ ಸೂತು ಸಂದು ಬಿಟ್ಟು ಲೆಕ್ಕ ಹಾಕಿದೆ. ಇಂಚಿನಲ್ಲಿ ಎಂಟನೆಯ ಒಂದು ಪಾಲಿಗೆ ನಾವು ಸೂತು ಅನ್ನುತ್ತೇವೆ. ಅರ್ಧ ಸೂತು ಅಂದರೆ ದಪ್ಪ ರಟ್ಟಿನಷ್ಟು. ಅದಕ್ಕಿಂತ ಕೆಳಗೆ ಆ ದುರ್ಬೀನು ಕೂರುವಂತಿರಲಿಲ್ಲ. ನನಗೆ ಅದೇ ಹೆಮ್ಮೆ ಆಗಿತ್ತು.

ಉಕ್ಕಿನ ಒಂದೇ ತುಂಡಿನಲ್ಲಿ ನಾಲ್ಕು ರಿಂಗಿಗೆ ಒಟ್ಟಿಗೆ ತೂತು ಕೊರೆದು, ದುರ್ಬೀನಿನ ನಡುವನ್ನು ಅಪ್ಪಿ ಹಿಡಿಯುವಂತೆ ಒಂದೊಂದನ್ನೂ ಎರಡು ಹೋಳು ಮಾಡಿ ಸ್ಕ್ರೂ ಇಟ್ಟೆ. ಎರಡು ಬೇಕಾದವು, ಎರಡು ಹೆಚ್ಚಿಗೆ. ಹೆಚ್ಚಿಗೆಯವು ನನ್ನ ಪದ್ಧತಿ. ಒಂದು ಕೆಟ್ಟರೆ ಮತ್ತೆ ಮೊದಲಿನಿಂದ ಕೂರಬಾರದು. ಎರಡರ ಪಾದವನ್ನು, ಅಂದರೆ ಪಟ್ಟಿಯ ಮೇಲೆ ಕೂರುವ ಬುಡವನ್ನು, ಮಾತ್ರ ಅಳತೆಗೆ ಇಳಿಸಿದೆ. ಉಳಿದೆರಡನ್ನು ಪಾದ ಇಳಿಸದೆ, ಎಣ್ಣೆ ಹಚ್ಚಿ ಗೂಡಿನಲ್ಲಿಟ್ಟೆ.

ಚಹಾದಂಗಡಿಯ ಮುಂದೆ ಗ್ಯಾಂಗಿನ ಮುಕಾದಮ ಕೂತಿರುತ್ತಿದ್ದ. ಮೂವತ್ತು ಜನರನ್ನು ಕರೆತಂದು ಕೆಲಸವಿಲ್ಲದೆ ಕೂತವನಿಗೆ ಎಲ್ಲರ ಮೇಲೂ ಸಿಟ್ಟು. ನಾನು ರಿಂಗುಗಳನ್ನು ಅಂಗೈಯಲ್ಲಿ ಹಿಡಿದು ಸುಬೇದಾರರ ಮನೆಗೆ ಹೊರಟಿದ್ದನ್ನು ನೋಡಿ ಕೂಗಿದ.

"ಏನ್ ಮಿಸ್ತ್ರಿ, ಬಳಿ ಮಾರಾಕ ನಿಂತೇನು?"

"ಹೌದಪಾ. ನಿನ್ನ ಕೈಗೆ ಆಗೂ ಸೈಜ್ ಇಲ್ಲ," ಅಂದೆ. ಜನ ನಕ್ಕರು. ನನಗೂ ಸಂತೋಷವೇ ಆಯಿತು.

ಸುಬೇದಾರರ ಮನೆಯ ಪಡಸಾಲೆಯಲ್ಲಿ ರಿಂಗು ಬಿಗಿದು ದುರ್ಬೀನು ಕೂರಿಸಿದೆ. ಅವರ ಹೆಂಡತಿ ಜಗಲಿಯಿಂದ ಬೋಲ್ಟು ತಂದುಕೊಟ್ಟರು. ವಿಭೂತಿ ಒರೆಸಿ ತೂರಿಸಿದೆ. ಹೆಬ್ಬೆರಳು, ತೋರುಬೆರಳು, ಎರಡರಲ್ಲಿ ಹಿಡಿಕೆಯ ತುದಿ ಹಿಡಿದು ಮೆಲ್ಲಗೆ ಎತ್ತಿದೆ. ಹಿಡಿಕೆ ದುರ್ಬೀನಿನ ಹಿಂದಿನ ಅಗಲ ಭಾಗದ ಪಕ್ಕದಲ್ಲೇ ಹಾದು ಮೇಲೆ ಬಂತು. ನಡುವೆ ಒಂದು ಪೋಸ್ಟ್ ಕಾರ್ಡು ತೂರಿಸಿ ತೋರಿಸಿದೆ. ಕಾರ್ಡು ಸಲೀಸಾಗಿ ಸರಿಯಿತು.

"ನೋಡ್ರಿ. ಕಬ್ಬಿಣಕ್ಕ ಕಬ್ಬಿಣ ತಾಗಂಗಿಲ್ಲ."

"ಮುಂಬೈದವರು ಬಂದು ಕಲೀಬೇಕು ಇವನ ಕಡೆ," ಅಂದರು ಸುಬೇದಾರರು, ಮನೆ ಮುಂದೆ ಕೂಡಿದ್ದ ಜನರಿಗೆ ಕೇಳುವ ಹಾಗೆ.

ಅವರ ಹತ್ತಿರ ಇದ್ದದ್ದು ಆರು ತೋಟಾ. ಮರುದಿನ ಕೆರೆಯ ಏರಿಗೆ ಬಿಳಿ ಬಟ್ಟೆ ಕಟ್ಟಿ ಎರಡು ಸುಟ್ಟೆವು. ಒಂದು ಸುಟ್ಟು, ಬಂದೂಕು ಕೆಳಗಿಟ್ಟು, ಚಷ್ಮಾ ಒರೆಸಿ, ನಡೆದುಹೋಗಿ ನೋಡಿ, ಬಂದು ಬೋಲ್ಟು ಮೆಲ್ಲಗೆ ಎಳೆದು ಇನ್ನೊಂದು. ಎರಡೂ ಬಟ್ಟೆಯ ನಡುವೆಯೇ ಬಿದ್ದವು. ಉಳಿದದ್ದು ನಾಲ್ಕು.

ಕಬ್ಬಿಗೆ ಕೈ ಹಾಕುವ ದಿನ ಗೊತ್ತಾಯಿತು. ಉಪಾಯ ಹೀಗಿತ್ತು. ಹೊಲದ ಆ ತುದಿಗೆ ಹಳ್ಳದ ಎತ್ತರದ ದಂಡೆ. ಗುಂಡು ತಪ್ಪಿದರೂ ಆ ಮಣ್ಣಿಗೆ ಬೀಳಬೇಕು. ಈ ತುದಿಯಲ್ಲಿ ಎತ್ತು ಬಿಚ್ಚಿದ ಬಂಡಿ, ಅದರ ಮೇಲೆ ಸುಬೇದಾರರು. ಗ್ಯಾಂಗಿನವರು ಬಂಡಿಯ ಕಡೆಯಿಂದಲೂ ಎರಡೂ ಬದಿಯಿಂದಲೂ ಕಡಿಯುತ್ತ ಹೋಗಬೇಕು. ಕಬ್ಬು ಕಮ್ಮಿಯಾದ ಹಾಗೆ ಹಂದಿ ಉಳಿದದ್ದರೊಳಗೆ ಸರಿಯುತ್ತದೆ. ದಂಡೆಯ ಬುಡದಲ್ಲಿ ಒಂದು ಪಟ್ಟಿ ಉಳಿದಾಗ ಎಲ್ಲರೂ ಓಡಿ ಬಂದು ಬಂಡಿಯ ಹಿಂದೆ ನಿಂತು ಡಬ್ಬಿ ಬಾರಿಸಬೇಕು. ಬಯಲಿಗೆ ಬಂದ ಹಂದಿ ದಂಡೆ ಹತ್ತಲಾರದು, ಕಾಲು ಕೊಳೆತಿದೆ. ಅದು ಬಂದರೆ ಬಂಡಿಯ ಕಡೆಗೇ ಬರಬೇಕು. ಅದನ್ನು ತಡೆಯುವುದು ಬಂದೂಕು ಒಂದೇ.

ನಾನೂ ಹೋದೆ. ನನ್ನ ಕೆಲಸ ನೋಡಬೇಕಿತ್ತು. ಬಂಡಿಯ ಗಾಲಿ ಹಿಡಿದು ನಿಂತೆ.

ಹೊತ್ತು ಏರುವ ಮೊದಲೇ ಕಡಿಯುವುದು ಶುರುವಾಯಿತು. ಸುಬೇದಾರರು ಬಂಡಿ ಹತ್ತಿ, ತೋಟಾ ತುಂಬುವ ಮುಂಚೆ, ಖಾಲಿ ಬಂದೂಕನ್ನು ಭುಜಕ್ಕೆ ಹಚ್ಚಿ ಕೈ ಪಳಗಿಸಿಕೊಂಡರು. ಪಲ್ಟನ್ನಿನ ಅಭ್ಯಾಸ. ಗಲ್ಲ ಕಟ್ಟಿಗೆಗೆ ಒತ್ತಿ, ಕಣ್ಣು ದುರ್ಬೀನಿನಲ್ಲೇ ಇಟ್ಟು, ಅಂಗೈ ಅಗಲಿಸಿ ಹಿಡಿಕೆಯನ್ನು ಝಟ್ಟನೆ ಮೇಲಕ್ಕೆ ಹೊಡೆದರು.

ಟಕ್ ಅಂತ ಸದ್ದು ಬಂತು. ಕಬ್ಬಿಣದ ಸದ್ದಲ್ಲ. ಎಲುಬಿನ ಸದ್ದು.

ಹಿಡಿಕೆ ಅರ್ಧದಲ್ಲಿ ನಿಂತಿತ್ತು. ಅವರ ತೋರುಬೆರಳಿನ ಗೆಣ್ಣು ಹಿಡಿಕೆಗೂ ದುರ್ಬೀನಿಗೂ ನಡುವೆ ಸಿಕ್ಕಿಕೊಂಡಿತ್ತು. ಅವರು ಸದ್ದಿಲ್ಲದೆ ಕೈ ಬಿಡಿಸಿಕೊಂಡರು. ಮತ್ತೊಮ್ಮೆ ಮಾಡಿದರು. ಮತ್ತೆ ಟಕ್. ಗೆಣ್ಣಿನ ಚರ್ಮ ಸುಲಿದು ರಕ್ತ ಬಂತು.

ನಾನು ಕಬ್ಬಿಣಕ್ಕೆ ಕಬ್ಬಿಣ ತಾಗಬಾರದು ಅಂತ ನೋಡಿದ್ದೆ. ಪೋಸ್ಟ್ ಕಾರ್ಡಿಗೆ ಜಾಗ ಇಟ್ಟಿದ್ದೆ. ಕೈಗೆ ಇಟ್ಟಿರಲಿಲ್ಲ. ಲೇತಿನ ಮುಂದೆ ನಿಂತು ಎರಡು ಬೆರಳಿನಲ್ಲಿ ಮೆಲ್ಲಗೆ ತಿರುಗಿಸುವವನು ನಾನು. ಹಂದಿ ಮೈಮೇಲೆ ಬರುವಾಗ ಯಾರೂ ಎರಡು ಬೆರಳಿನಲ್ಲಿ ಹಿಡಿಯುವುದಿಲ್ಲ.

ಸುಬೇದಾರರು ಸುತ್ತ ನೋಡಿದರು. ನನ್ನನ್ನೂ ನೋಡಿದರು. ಜೇಬಿನಿಂದ ಕರವಸ್ತ್ರ ತೆಗೆದು ಗೆಣ್ಣಿಗೆ ಸುತ್ತಿ ಗಂಟು ಹಾಕಿಕೊಂಡರು. ಆಮೇಲೆ ನಾಲ್ಕು ತೋಟಾ ತುಂಬಿ, ಹಿಡಿಕೆಯ ತುದಿಯನ್ನು ಎರಡು ಬೆರಳಿನಿಂದ ಹಿಡಿದು ಮೆಲ್ಲಗೆ ಮುಚ್ಚಿದರು.

ಒಂದು ಗುಂಡು ಒಳಗಿದೆ. ಅದು ತಪ್ಪಿದರೆ, ಹಂದಿ ಮೈಮೇಲೆ ಬರುವಷ್ಟರಲ್ಲಿ ಎರಡನೆಯದನ್ನು ಏರಿಸಲಾಗದು. ಬಟ್ಟೆ ಸುತ್ತಿ ಆ ಬೆರಳು ಇನ್ನೂ ದಪ್ಪಗಾಗಿದೆ. ಇದು ಅವರಿಗೂ ಗೊತ್ತು, ನನಗೂ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ.

ಹೇಳಬೇಕು ಅಂದುಕೊಂಡೆ. ಬಾಯಿ ತೆರೆದರೆ ಮೂವತ್ತು ಜನ ಕುಡುಗೋಲು ನಿಲ್ಲಿಸುತ್ತಾರೆ. 'ಮಿಸ್ತ್ರಿ ಮಾಡಿದ್ದು ಕೂಡಲಿಲ್ಲವಂತೆ' ಅನ್ನುತ್ತಾರೆ. ಸಂಜೆಯೊಳಗೆ ಆ ಮಾತು ಧಾರವಾಡದ ಹಾದಿಯಲ್ಲಿ ಅರ್ಧ ದೂರ ಹೋಗಿರುತ್ತದೆ. ಒಂದು ಗುಂಡು ಸಾಕಾಗಬಹುದಲ್ಲ, ಅಂದಿತು ಮನಸ್ಸು. ಕೆರೆ ಏರಿಯಲ್ಲಿ ಎರಡೂ ನಡುವೆ ಬಿದ್ದಿರಲಿಲ್ಲವೇ. ಹಾಗೆ ಅಂದುಕೊಳ್ಳುತ್ತಲೇ ಒಂದು ಸಾಲು ಕಬ್ಬು ಉರುಳಿತು. ಇನ್ನೊಂದು ಸಾಲು. ಕುಡುಗೋಲಿನ ಕಚ್ ಕಚ್ ಸದ್ದು ಮೂರೂ ಕಡೆಯಿಂದ ಬರುತ್ತಿತ್ತು. ಹೆಂಗಸರು ಕಬ್ಬು ಎಳೆದು ಕಟ್ಟು ಹಾಕುತ್ತಿದ್ದರು. ಒಳಗೆಲ್ಲೋ ರವದಿ, ಕಬ್ಬಿನ ಒಣಗರಿ, ಸರಿದಾಡಿದ ಸದ್ದಾದಾಗ ಎಲ್ಲರ ಕೈಯೂ ಒಮ್ಮೆಗೇ ನಿಲ್ಲುತ್ತಿತ್ತು, ಎಲ್ಲರೂ ತಿರುಗಿ ಬಂಡಿಯ ಕಡೆ ನೋಡುತ್ತಿದ್ದರು. ಬಂಡಿಯ ಮೇಲೆ ಬಂದೂಕು ಕಂಡೊಡನೆ ಮತ್ತೆ ಕಡಿಯುತ್ತಿದ್ದರು. ಆ ನೋಟ ನನಗೆ ತಡೆಯಲಾಗುತ್ತಿರಲಿಲ್ಲ. ಆದರೂ ಗಾಲಿ ಬಿಡಲಿಲ್ಲ, ಬಾಯಿಯನ್ನೂ ಬಿಡಲಿಲ್ಲ.

ಅರ್ಧ ಹೊಲ ಬಯಲಾಗುವ ಹೊತ್ತಿಗೆ ಸುಬೇದಾರರ ಹೆಂಡತಿ ರೊಟ್ಟಿಯ ಬುಟ್ಟಿ ಹೊತ್ತು ಬಂದರು. ಕಡಿಯುವವರು ನೆರಳಿಗೆ ಬಂದರು. ಆಕೆ ಬುಟ್ಟಿ ಇಳಿಸುತ್ತಲೇ ಗಂಡನ ಕೈ ನೋಡಿದರು.

"ಏನಾತ್ರೀ ಬೆರಳಿಗೆ?"

"ಏನಿಲ್ಲ. ರವದಿ ಕೊರೀತು."

"ಬಂಡಿ ಮ್ಯಾಲೆ ಕುಂತವರಿಗೆ ರವದಿ ಎಲ್ಲಿಂದ ಬಂತು?"

"ಕೊರೀತು ಅಂದ್ನೆಲ್ಲ. ನೀ ರೊಟ್ಟಿ ಹಚ್ಚು."

ಮೂವತ್ತು ವರ್ಷ ಪಲ್ಟನ್ನಿನಲ್ಲಿ ಕಳೆದ ಮನುಷ್ಯ. ಅವರು ಸುಳ್ಳು ಹೇಳಿದ್ದನ್ನು ನಾನು ಅವತ್ತಿನ ತನಕ ಕೇಳಿರಲಿಲ್ಲ. ಅದನ್ನು ತಮಗಾಗಿ ಹೇಳಲಿಲ್ಲ. ಜನರ ಮುಂದೆ ನನ್ನ ಕೆಲಸ ಹೊಗಳಿದ್ದರು. ಅದೇ ಜನರ ಮುಂದೆ ನನ್ನ ಮರ್ಯಾದೆ ತೆಗೆಯಲಾರದೆ, ಒಂದೇ ಗುಂಡಿಟ್ಟುಕೊಂಡು ಆ ಪ್ರಾಣಿಯ ಎದುರು ಕೂರಲು ತಯಾರಾಗಿದ್ದರು.

"ರವದಿ ಅಲ್ರಿ ಅವ್ವಾರ," ಅಂದೆ. ಗಾಲಿ ಬಿಟ್ಟು ಮುಂದೆ ಬಂದೆ. "ನನ್ನ ರಿಂಗು. ಅಗದಿ ತೆಳಗ ಇಟ್ಟುಬಿಟ್ಟೇನಿ. ಜೋರಲೆ ಬೋಲ್ಟ್ ಎತ್ತಿದರ ಕೈ ಸಿಗತೈತಿ. ಒಂದ ಗುಂಡು ಹಾರತೈತಿ. ಎರಡನೇದು ಆಗೂದಿಲ್ಲ."

ರೊಟ್ಟಿ ಮುರಿಯುತ್ತಿದ್ದವರ ಕೈ ನಿಂತಿತು. ಮುಕಾದಮ ಎದ್ದು ಬಂದ.

"ಅಂದ್ರ ಮುಂಜಾನಿಂದ ನಮ್ಮ ಜೀವಾ ನಿನ್ನ ಬಳಿ ಮ್ಯಾಲೆ ಕುಂತಿತ್ತೇನಲೇ?"

"ಹೌದು."

"ಗೊತ್ತಿತ್ತೇನು ನಿನಗ?"

"ಗೊತ್ತಿತ್ತು."

ಅವನು ಕೈ ಎತ್ತಿದ. ಹೊಡೆದಿದ್ದರೆ ನಾನು ತಪ್ಪಿಸಿಕೊಳ್ಳುತ್ತಿರಲಿಲ್ಲ. ಸುಬೇದಾರರು ಬಂಡಿಯ ಮೇಲಿನಿಂದ, "ಮುಕಾದಮ, ಕೈ ಇಳಿಸು. ನನಗೂ ಗೊತ್ತಿತ್ತು. ಬೈಯೂದಿದ್ರ ಇಬ್ಬರನ್ನೂ ಬೈ," ಅಂದರು. ಅವನು ಇಬ್ಬರನ್ನೂ ಬೈದ. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟ ಹೊತ್ತ ಬೇಕು ಸರಿ ಮಾಡಾಕ?" ಅಂದ.

"ಎರಡಕ್ಕ ಕರೆಂಟ್ ಹೋಗತೈತಿ. ಅಷ್ಟರಾಗ ಆಗಬೇಕು."

ಹೊಲದವರ ಟ್ರ್ಯಾಕ್ಟರಿನಲ್ಲಿ ಹೊರಟೆವು. ಸುಬೇದಾರರು ತೋಟಾ ಹೊರಗೆ ತೆಗೆದು ಬೋಲ್ಟು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು. ಆಕೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಖಾಲಿ ಬುಟ್ಟಿಯ ಜೊತೆ ಟ್ರ್ಯಾಲಿ ಹತ್ತಿದರು. "ಈ ಸಲ ಅಳತಿಗೆ ಇದೂ ಬರಲಿ," ಅಂದರು.

ಶೆಡ್ಡಿನಲ್ಲಿ ಗೂಡಿನಿಂದ ಆ ಎರಡು ಹೆಚ್ಚಿಗೆ ರಿಂಗು ತೆಗೆದೆ. ಪಾದ ಇನ್ನೂ ಇಳಿಸಿರಲಿಲ್ಲ. ಹಾಗಾಗಿ ಎತ್ತರ ಇನ್ನೂ ನನ್ನ ಕೈಯಲ್ಲಿತ್ತು. ಮೊದಲು ಎಷ್ಟು ಬೇಕೆಂದು ಗೊತ್ತುಮಾಡಬೇಕು. ಹಳೆಯ ರಿಂಗಿನ ಕೆಳಗೆ ಸೂತಿನ ದಪ್ಪದ ಪಟ್ಟಿ ತೂರಿಸಿ, ಎಲ್ಲವನ್ನೂ ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದು, ಬೋಲ್ಟು ತೂರಿಸಿ ಸುಬೇದಾರರ ಕೈಗೆ ಕೊಟ್ಟೆ.

"ಮೆಲ್ಲಕ ಬ್ಯಾಡ್ರಿ. ಹಂದಿ ಬಂಡಿ ಹತ್ತಾಕತ್ತೈತಿ ಅಂತ ತಿಳಕೊಂಡು ಎಳೀರಿ."

ಒಂದು ಸೂತಿಗೆ ಗೆಣ್ಣು ಬಡಿಯಿತು. ಎರಡು ಸೂತಿಗೆ ಬಡಿಯಲಿಲ್ಲ, ಆದರೆ ಬಟ್ಟೆ ಸವರಿತು.

"ಸಾಕು, ಇಷ್ಟ ಇರಲಿ," ಅಂದರು ಸುಬೇದಾರರು. "ಬಟ್ಟಿ ಬಿಚ್ಚತೇನಿ."

"ಬಿಚ್ಚಿದ್ರ ರಕ್ತ ಜಾರತೈತಿ. ಮೂರು ಮಾಡತೇನ್ರಿ."

"ಮೂರಕ್ಕ ಗಲ್ಲ ಏಳತೈತಿ. ತಲಿ ಗಾಳ್ಯಾಗ ಇಟ್ಟು ಹೆಂಗ ಹೊಡೀಲಿ?"

"ಕೈ ಸಿಕ್ಕರ ಹೆಂಗ ಹೊಡೀತೀರಿ?"

ಮೂರನೆಯ ಪಟ್ಟಿ ತೂರಿಸಿದೆ. ಕೈ ಬಿಡುಬೀಸಾಗಿ ಹೋಯಿತು, ಬಂತು. ಆದರೆ ಅವರು ಹೇಳಿದ್ದೂ ನಿಜ. ಗಲ್ಲಕ್ಕೂ ಕಟ್ಟಿಗೆಗೂ ನಡುವೆ ನನ್ನ ಬೆರಳು ತೂರುವಷ್ಟು ಜಾಗ. ದುರ್ಬೀನಿನಲ್ಲಿ ಕಾಣುವುದು ಒಮ್ಮೆ ಬೆಳಕು, ಒಮ್ಮೆ ಕತ್ತಲೆ. ಇಬ್ಬರೂ ದನಿ ಏರಿಸಿದೆವು. ಗೋಡೆಯ ಗಡಿಯಾರ ಹನ್ನೆರಡೂವರೆ ದಾಟಿತ್ತು.

ಸ್ಟೂಲಿನ ಮೇಲೆ ಕೂತಿದ್ದ ಆಕೆ ನಡುವೆ ಬಾಯಿ ಹಾಕಿದರು.

"ತಮ್ಮಾ, ನಮ್ಮ ಓಣಿಗೆ ಬಳಿಗಾರ ಬರತಾನ. ಮೊದಲ ಕೈ ಹಿಡದು ಹಿಚುಕಿ ನೋಡತಾನ. ಆಮ್ಯಾಲೆ ಬಳಿ ತಗೀತಾನ. ನೀ ಬಳಿ ಮಾಡಿಟ್ಟು ಕೈ ಹುಡುಕಾಕತ್ತಿ."

ಆಕೆ ಎದ್ದು, ಬಂದೂಕು ಸುತ್ತಿ ತಂದಿದ್ದ ಕೌದಿಯನ್ನು ಮಡಚಿ, ಗಂಡನ ಗಲ್ಲ ಕೂರುವ ಜಾಗದಲ್ಲಿ ಇಟ್ಟು ನೋಡಿದರು. ದಪ್ಪವಾಯಿತು. ಅಂಚಿನಿಂದ ಒಂದು ಮೊಳ ಹರಿದು, ನಾಲ್ಕು ಮಡಿಕೆ ಮಾಡಿ, ಪುಂಡಿ ನಾರಿನ ಹುರಿಯಿಂದ ಕಟ್ಟಿಗೆಗೆ ಬಿಗಿದರು.

"ಈಗ ಗಲ್ಲ ಇಡ್ರಿ."

ಸುಬೇದಾರರು ಗಲ್ಲ ಇಟ್ಟರು. "ಕಾಣತೈತಿ," ಅಂದರು.

ಮೂರು ಸೂತು. ರಿಂಗಿನ ಪಾದವನ್ನು ಲೇತಿಗೆ ಹಚ್ಚಿದೆ. ಎರಡೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಎತ್ತರ ಇರಬೇಕು, ಇಲ್ಲದಿದ್ದರೆ ದುರ್ಬೀನು ಮೂಗು ಮೇಲೆ ಮಾಡಿ ಕೂರುತ್ತದೆ. ಉಕ್ಕಿನ ಸಿಪ್ಪೆ ಹಾರುವಾಗ ಕಿವಿಯೆಲ್ಲ ಮೋಟಾರಿನ ಕಡೆಗೇ. ಮೊದಲನೆಯದು ಮುಗಿಯಿತು. ಎರಡನೆಯದರಲ್ಲಿ ಕೊನೆಯ ಗೆರೆ ಉಳಿದಿರುವಾಗ ಮೋಟಾರು ಒಮ್ಮೆ ನರಳಿ ಸುಮ್ಮನಾಯಿತು. ಎರಡು ಗಂಟೆ ಇನ್ನೂ ಆಗಿರಲಿಲ್ಲ. ಅದನ್ನು ವೈಸಿಗೆ ಹಚ್ಚಿ ಕಾನಸಿನಿಂದ, ಅಂದರೆ ಅರದಿಂದ, ತಿಕ್ಕಿದೆ. ನಾಲ್ಕು ಸಲ ತಿಕ್ಕಿ ಒಂದು ಸಲ ಅಳೆದೆ. ಬೆವರು ವರ್ನಿಯರ್ ಮೇಲೆ ಬಿತ್ತು, ಆಕೆ ಸೆರಗಿನಿಂದ ಒರೆಸಿದರು.

ಹೊಸ ಎತ್ತರಕ್ಕೆ ಗುರಿಯನ್ನೂ ಹೊಸದಾಗಿ ಕೂಡಿಸಬೇಕು. ಪೇಟೆ ನಡುವೆ ಗುಂಡು ಹಾರಿಸುವ ಹಾಗಿರಲಿಲ್ಲ, ಇದ್ದದ್ದೂ ನಾಲ್ಕೇ. ಬಂದೂಕನ್ನು ವೈಸಿಗೆ ಕಟ್ಟಿ, ಬೋಲ್ಟಿಲ್ಲದ ನಳಿಗೆಯ ಹಿಂದಿನಿಂದ ಒಂದು ಕಣ್ಣಲ್ಲಿ ನೋಡಿ, ರಸ್ತೆಯಾಚೆಯ ಕಂಬದ ಬಿಳಿ ಪಿಂಗಾಣಿ ಬಟ್ಟಲನ್ನು ತೂತಿನ ನಡುವೆ ಹಿಡಿದೆ. ಆಮೇಲೆ ದುರ್ಬೀನಿನ ಗೆರೆಯನ್ನೂ ಅದೇ ಬಟ್ಟಲಿಗೆ ತಿರುಗಿಸಿದೆ. ನನ್ನ ಕೈ ಅಷ್ಟು ಹೊತ್ತಿಗೆ ನಡುಗುತ್ತಿತ್ತು. ಸರಿಯಾಗಿದೆ ಅನ್ನಿಸಿತು. ಸರಿಯಾಗಿದೆ ಅಂತ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

"ಹತ್ತಿರ ಹತ್ತಿರ ಐತ್ರಿ," ಅಂದೆ. ಗಿರಾಕಿಗೆ ಆ ಮಾತು ನಾನು ಅವತ್ತಿನ ತನಕ ಆಡಿರಲಿಲ್ಲ.

ಹೊಲಕ್ಕೆ ಮರಳಿ, ಉಳಿದ ಕಬ್ಬು ಕಡಿದು ಒಂದು ಪಟ್ಟಿ ನಿಲ್ಲುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಮುಕಾದಮ ಸೀಟಿ ಊದಿದ. ಮೂವತ್ತು ಜನ ಓಡಿ ಬಂದು ಬಂಡಿಯ ಹಿಂದೆ ಗುಂಪಾದರು. ಡಬ್ಬಿ ಬಾರಿಸಿದರು. ಏನೂ ಆಗಲಿಲ್ಲ. ಕಬ್ಬಿನ ತುದಿಗಳು ಗಾಳಿಗೆ ಅಲುಗಿದವು. ಡಬ್ಬಿ ಬಾರಿಸಿ ಬಾರಿಸಿ ಕೈ ಸೋತು ನಿಲ್ಲಿಸಿದರು. ನಿಂತ ಮೇಲೆ ಅದು ಬಂತು.

ಸದ್ದಿಲ್ಲದೆ ಬಂತು. ಉರುಳುವ ಕರಿ ಬಂಡೆಯ ಹಾಗೆ, ಮೂರು ಕಾಲಿನಲ್ಲಿ, ಆದರೂ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ. ಕಡಿದ ಬುಡಗಳ ಮೇಲೆ ನೇರ ಬಂಡಿಯ ಕಡೆಗೆ. ನನ್ನ ತಲೆಯ ಮೇಲೆ ಬಂದೂಕು ಸಿಡಿಯಿತು. ಹಂದಿಯ ಬೆನ್ನಿನಾಚೆ ದಂಡೆಯಿಂದ ಮಣ್ಣು ಎದ್ದಿತು.

ಮೇಲೆ ಹೋಗಿತ್ತು. ತಪ್ಪಿತ್ತು. ಹಿಂದಿನಿಂದ ಒಬ್ಬ ಹೆಂಗಸು ಕಿರುಚಿದಳು. ಮುಕಾದಮ ನನ್ನ ಅಂಗಿ ಹಿಡಿದ. ನಾನು ಹಂದಿಯನ್ನು ನೋಡಲಿಲ್ಲ. ಮೇಲೆ, ಆ ಕೈಯನ್ನು ನೋಡಿದೆ. ಕರವಸ್ತ್ರ ಸುತ್ತಿದ ಬೆರಳು ಹಿಡಿಕೆಯನ್ನು ಮೇಲಕ್ಕೆ ಹೊಡೆಯಿತು. ದುರ್ಬೀನಿನ ಕೆಳಗೆ ಹಾದು ಹಿಂದೆ ಹೋಯಿತು. ತೋಟಾ ಹಾರಿ ನನ್ನ ಕತ್ತಿಗೆ ಬಿಸಿಯಾಗಿ ತಾಗಿ ಬಿತ್ತು. ಕೈ ಮುಂದೆ ಬಂತು, ಕೆಳಗೆ ಇಳಿಯಿತು. ಎಲ್ಲೂ ನಿಲ್ಲಲಿಲ್ಲ. ಗಲ್ಲ ಕೌದಿಯ ತುಂಡು ಬಿಟ್ಟು ಏಳಲಿಲ್ಲ.

ಎರಡನೆಯದು ಸಿಡಿಯಿತು. ಹಂದಿ ಮುಂಗಾಲು ಮಡಚಿ ಮೂತಿ ನೆಲಕ್ಕೆ ಕೊಟ್ಟು, ಜಾರಿಕೊಂಡು ಬಂದು, ಬಂಡಿಯ ನೊಗದಿಂದ ಹತ್ತು ಹೆಜ್ಜೆಯಾಚೆ ನಿಂತಿತು. ಹಿಂಗಾಲಿನ ತಂತಿ ಬಿಸಿಲಿಗೆ ಮಿಂಚುತ್ತಿತ್ತು.

ಯಾರೂ ಕೇಕೆ ಹಾಕಲಿಲ್ಲ. ಮುಕಾದಮ ನನ್ನ ಅಂಗಿ ಬಿಟ್ಟು, ಹಿಡಿದ ಜಾಗದ ಮುದುರನ್ನು ಕೈಯಿಂದ ನೇರ ಮಾಡಿದ.

ಸುಬೇದಾರರು ಕೆಳಗಿಳಿದು ಬಂಡಿಯ ಮೂಕಿಗೆ ಆತು ನಿಂತರು.

"ಮೊದಲನೇದು ಯಾಕ ಮ್ಯಾಲೆ ಹೋತು, ಮಿಸ್ತ್ರಿ?"

"ಅದೂ ನನ್ನ ತಪ್ಪು ಇರಬೇಕ್ರಿ. ಗುರಿ ಕೂಡಿಸೂ ಹೊತ್ತಿನ್ಯಾಗ ಕೈ ನಡಗತಿತ್ತು."

"ನನಗೂ ನಡಗಿತು," ಅಂದರು. "ಯಾರದಂತ ಹೇಳೂದು?"

ಉಳಿದೆರಡು ತೋಟಾ ಹೊರಗೆ ತೆಗೆದು ಬೋಲ್ಟು ಬಿಚ್ಚಿದರು. ಕಟ್ಟಳೆಯಂತೆ ಅದನ್ನು ಹೆಂಡತಿಯ ಕಡೆ ಚಾಚಿದರು. ಆಕೆ ಬುಟ್ಟಿಗೆ ಪಾತ್ರೆ ತುಂಬುತ್ತಿದ್ದರು. ಕೈ ಖಾಲಿ ಇರಲಿಲ್ಲವೋ, ಬೇಕಂತಲೇ ತೆಗೆದುಕೊಳ್ಳಲಿಲ್ಲವೋ, ನನಗೆ ತಿಳಿಯಲಿಲ್ಲ. "ಅಲ್ಲೆ ಕೊಡ್ರಿ ಅವನ ಕಡೆ," ಅಂದರು.

ಸುಬೇದಾರರು ಒಂದು ಗಳಿಗೆ ನಿಂತು, ಬೋಲ್ಟನ್ನು ನನ್ನ ಅಂಗೈಯಲ್ಲಿಟ್ಟರು. ತಾವು ಬಂದೂಕನ್ನು ಕೌದಿಯಲ್ಲಿ ಸುತ್ತಿಕೊಂಡು ಮುಂದೆ ನಡೆದರು. ಬೋಲ್ಟು ಇನ್ನೂ ಬೆಚ್ಚಗಿತ್ತು. ಹಿಡಿಕೆಯ ಮೇಲೆ ಸ್ವಲ್ಪ ರಕ್ತ, ಸಂದಿನಲ್ಲಿ ಸ್ವಲ್ಪ ವಿಭೂತಿ. ಮನೆಯ ಜಗಲಿ ಮುಟ್ಟುವ ತನಕ ಅವರ ಹಿಂದೆ ಹತ್ತು ಹೆಜ್ಜೆ ಅಂತರ ಬಿಟ್ಟು, ಅದನ್ನು ಎರಡು ಬೆರಳಿನಲ್ಲಲ್ಲ, ಮುಷ್ಟಿ ತುಂಬ ಹಿಡಿದುಕೊಂಡು ನಡೆದೆ.